‘ನಾ ಮಾಡಿಲ್ಲ ಮಾಮಾ, ಬರೇ ಕಳಿಸೀನಿ’

ಮರಾಠಿಯಲ್ಲಿ ‘ಶಾಳಾ’ ಸ್ತ್ರೀಲಿಂಗ. ನನ್ನ ಶಾಲೆ ಎನ್ನಬೇಕಾದರೆ ‘ಮಾಝೀ ಶಾಳಾ’ ಎನ್ನಬೇಕು. ಕನ್ನಡದ ‘ನನ್ನ’ ಎಂಬ ಪದಕ್ಕೆ ಗಂಡು, ಹೆಣ್ಣು ಎಂಬ ಗೊಡವೆಯೇ ಇಲ್ಲ. ಹಾಗಾಗಿ ಪುಣೆಗೆ ಬಂದು ಹನ್ನೊಂದು ವರ್ಷವಾದರೂ ನನ್ನ ಬಾಯಲ್ಲಿ ‘ಮಾಝೀ’ ಬರಬೇಕಾದ ಕಡೆ ‘ಮಾಝಾ’ ಬಂದುಬಿಡುತ್ತದೆ. ಆಫೀಸಿನಲ್ಲಿ ಯಾರಾದರೂ ನಗುತ್ತಾರೆ, ನಾನೂ ನಗುತ್ತೇನೆ, ಅಲ್ಲಿಗೆ ಮುಗಿಯಿತು. ಏಳನೇ ತರಗತಿಯಲ್ಲಿದ್ದ ನಮ್ಮಕ್ಕನ ಮಗ ಇದೇ ತಪ್ಪು ಮಾಡಿದಾಗ ಅದು ಅಲ್ಲಿಗೆ ಮುಗಿಯಲಿಲ್ಲ.

ಅಕ್ಕ, ಭಾವ ಧಾರವಾಡದಿಂದ ಇಲ್ಲಿಗೆ ಬಂದು ಆಗ ಒಂದೂವರೆ ವರ್ಷವಾಗಿತ್ತು. ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಹುಡುಗ ಧೈರ್ಯ ಮಾಡಿ ಮರಾಠಿಯಲ್ಲೇ ಮಾತನಾಡಿದ. ವಿಷಯ ‘ನನ್ನ ಶಾಲೆ’. ಎರಡು ನಿಮಿಷದಲ್ಲಿ ಐದಾರು ಸಲ ‘ಮಾಝಾ ಶಾಳಾ’ ಅಂದ. ಯಾರೋ ಪಾಲಕರು ತೆಗೆದ ವಿಡಿಯೊ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು. ಅಂದು ರಾತ್ರಿಯೇ ಅದರಿಂದ ಒಂದು ಸ್ಟಿಕರ್ ತಯಾರಾಯಿತು. ಬಾಯಿ ತೆರೆದ ಅವನ ಮುಖ, ಕೆಳಗೆ ‘ಮಾಝಾ ಶಾಳಾ’. ವಾರದೊಳಗೆ ಶಿಕ್ಷಕರಿಲ್ಲದ ಇನ್ನೊಂದು ಗ್ರೂಪ್ ಹುಟ್ಟಿತು. ಅದರ ಹೆಸರೂ ಅದೇ. ಅವನನ್ನೂ ಸೇರಿಸಿದರು. ಹೊರಬಂದ. ಮತ್ತೊಂದು ಗ್ರೂಪ್ ಮಾಡಿ ಸೇರಿಸಿದರು. ಕೊನೆಗೆ ಅವನ ಫೋಟೊ ಹಾಕಿ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ನಕಲಿ ಖಾತೆ ತೆರೆದು, ಅವನೇ ಕಳಿಸಿದಂತೆ ತರಗತಿಯ ಹುಡುಗಿಯರಿಗೆ ಸಂದೇಶ ಕಳಿಸತೊಡಗಿದರು.

ಮನೆಯಲ್ಲಿ ಇದ್ಯಾವುದೂ ಗೊತ್ತಿರಲಿಲ್ಲ. ಅಕ್ಕನಿಗೆ ಕಂಡದ್ದು ಸೋಮವಾರ ಬೆಳಿಗ್ಗೆ ಬರುವ ಹೊಟ್ಟೆನೋವು, ಹಾಗೇ ವಾಪಸು ಬರುವ ಊಟದ ಡಬ್ಬಿ, ಫೋನ್ ಸದ್ದಾದಾಗಲೆಲ್ಲ ಬೆಚ್ಚುವ ಹುಡುಗ. ಡಾಕ್ಟರ್ ಹೊಟ್ಟೆಗೆ ಔಷಧಿ ಬರೆದುಕೊಟ್ಟರು. ಒಂದು ಭಾನುವಾರ ಅವನು ನನ್ನ ಪಕ್ಕ ಬಂದು ಕುಳಿತು, ನನ್ನ ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆ ಎಂಬಂತೆ ಕೇಳಿದ: ‘ಮಾಮಾ, ಒಂದು ಸ್ಟಿಕರ್ ಎಲ್ಲಾರ ಫೋನಿನಾಗಿಂದ ಡಿಲೀಟ್ ಮಾಡ್ಲಿಕ್ಕೆ ಬರ್ತದೇನು?’

ಲ್ಯಾಪ್‌ಟಾಪ್‌ನಿಂದ ತಲೆಯೆತ್ತದೆ ‘ಇಲ್ಲೋ, ಬರಂಗಿಲ್ಲ’ ಅಂದೆ. ಅವನು ಸುಮ್ಮನಾದ. ಆ ಮೌನ ಉದ್ದವಾದಾಗ ಮುಖ ನೋಡಿದೆ. ಆಮೇಲೆ ಕೇಳಿದೆ. ‘ಮಮ್ಮಿಗೆ ಹೇಳಬ್ಯಾಡ, ಫೋನ್ ಕಸಗೋತಾಳ’ ಎಂದು ಮೊದಲು ಮಾತು ತೆಗೆದುಕೊಂಡು, ನಂತರ ಎಲ್ಲವನ್ನೂ ತೋರಿಸಿದ.

ಇದಾಗಿ ಎರಡು ವರ್ಷ ಕಳೆದಿದೆ. ಅವನ ಮತ್ತು ಅಕ್ಕನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರು ಬಿಟ್ಟು ಊರಿಗೆ ಬಂದ ನಮ್ಮಂಥವರ ಮನೆಗಳಲ್ಲಿ ಇದು ನಡೆಯುವ ಸಾಧ್ಯತೆ ಹೆಚ್ಚು, ಮತ್ತು ನಡೆದಾಗ ನಾವು ಮೊದಲು ಮಾಡುವ ಕೆಲಸವೇ ಬಹುತೇಕ ತಪ್ಪಾಗಿರುತ್ತದೆ ಎಂಬುದು ನನ್ನ ಅನುಭವ.

ತಮಾಷೆ ಎಲ್ಲಿ ಮುಗಿಯುತ್ತದೆ?

‘ನಾವೂ ಶಾಲೆಯಲ್ಲಿ ಕಾಡಿಸಿಕೊಂಡಿಲ್ಲವೇ? ಅಡ್ಡಹೆಸರು ಇರಲಿಲ್ಲವೇ?’ ಎಂದು ಭಾವ ಮೊದಲು ಕೇಳಿದ್ದು. ನ್ಯಾಯವಾದ ಪ್ರಶ್ನೆ. ಶಾಲಾಮಕ್ಕಳ ಪೀಡನೆಯ ಬಗ್ಗೆ ಮೊದಲು ವ್ಯವಸ್ಥಿತ ಅಧ್ಯಯನ ಮಾಡಿದವರಲ್ಲಿ ಪ್ರಮುಖರಾದ ಮನೋವಿಜ್ಞಾನಿ ಡಾನ್ ಓಲ್‌ವೇಯಸ್ ಮೂರು ಗುರುತು ಹೇಳಿದ್ದಾರೆ. ನೋಯಿಸುವ ಉದ್ದೇಶ ಇರಬೇಕು. ಅದು ಮತ್ತೆ ಮತ್ತೆ ಆಗಬೇಕು. ಇಬ್ಬರ ನಡುವೆ ಬಲದ ಅಂತರ ಇರಬೇಕು. ಈ ಮೂರೂ ಸೇರಿದಾಗ ಅದು ತಮಾಷೆಯಲ್ಲ, ಪೀಡನೆ.

ಫೋನ್ ಬಂದ ಮೇಲೆ ಈ ಮೂರೂ ರೂಪ ಬದಲಿಸಿವೆ. ಒಬ್ಬ ಒಂದೇ ಸಲ ಸ್ಟಿಕರ್ ಮಾಡಿದರೆ ಸಾಕು, ಪುನರಾವರ್ತನೆಯ ಕೆಲಸವನ್ನು ಉಳಿದವರು ಮಾಡುತ್ತಾರೆ. ಬಲ ಎಂದರೆ ಈಗ ತೋಳಿನ ಬಲವಲ್ಲ. ಗ್ರೂಪಿನ ಅಡ್ಮಿನ್ ಯಾರು, ಯಾರ ಕಡೆ ಹೆಚ್ಚು ಜನ, ಆ ಊರಿನ ಭಾಷೆ ಯಾರದು ಎಂಬುದರ ಮೇಲೆ ಅದು ನಿಲ್ಲುತ್ತದೆ. ಇನ್ನು ಉದ್ದೇಶ. ಎದುರಿಗೆ ನಿಂತು ಅಣಕಿಸುವವನಿಗೆ ಎದುರಿನವನ ಕಣ್ಣು ತುಂಬಿದ್ದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಲೂಬಹುದು. ಫಾರ್ವರ್ಡ್ ಒತ್ತುವ ಮಗುವಿಗೆ ಯಾರ ಮುಖವೂ ಕಾಣುವುದಿಲ್ಲ.

ನಮ್ಮ ಕಾಲದಲ್ಲಿ ಶಾಲೆಯ ಕೊನೆಯ ಗಂಟೆ ಹೊಡೆದ ಮೇಲೆ ಮನೆ ಇತ್ತು. ಅಡ್ಡಹೆಸರು ಕಾಂಪೌಂಡಿನೊಳಗೇ ಉಳಿಯುತ್ತಿತ್ತು. ಈಗ ಅದು ಹಾಸಿಗೆಯ ಪಕ್ಕದಲ್ಲಿ ಚಾರ್ಜಿಗೆ ಹಾಕಿದ ಫೋನಿನಲ್ಲಿ ರಾತ್ರಿ ಹನ್ನೊಂದಕ್ಕೂ ಬರುತ್ತದೆ. ನಾನು ಕೆಲಸ ಮಾಡುವ ಕ್ಷೇತ್ರದ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ತೆಗೆಯುವ ವೆಚ್ಚ ಸೊನ್ನೆಯಾಗಿದೆ. ಸಾಫ್ಟ್‌ವೇರ್‌ನಲ್ಲಿ ಅದೇ ನಮ್ಮ ಹೆಮ್ಮೆ. ಹನ್ನೆರಡು ವರ್ಷದ ಮಗುವಿನ ಮುಖದ ವಿಷಯದಲ್ಲಿ ಅದೇ ಶಾಪ.

2019ರಲ್ಲಿ ಯುನಿಸೆಫ್ 30 ದೇಶಗಳ ಹದಿಹರೆಯದವರು ಮತ್ತು ಯುವಜನರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಮೂವರಲ್ಲಿ ಒಬ್ಬರು ತಾವು ಆನ್‌ಲೈನ್ ಪೀಡನೆಗೆ ಒಳಗಾಗಿದ್ದೇವೆ ಎಂದಿದ್ದರು. ಅದರಿಂದಾಗಿ ಶಾಲೆ ತಪ್ಪಿಸಿದ್ದೇವೆ ಎಂದವರು ಐವರಲ್ಲಿ ಒಬ್ಬರು. ಸೋಮವಾರದ ಹೊಟ್ಟೆನೋವು ನಮ್ಮ ಮನೆಯದು ಮಾತ್ರವಲ್ಲ.

ನಾನು ಮಾಡಿದ ತಪ್ಪು

ಅಂದು ನಾನು ಏನು ಮಾಡಿದೆ? ಸಿಟ್ಟಿನಲ್ಲಿ ಫೋನ್ ಕಿತ್ತುಕೊಂಡೆ. ಗ್ರೂಪಿನಿಂದ ಹೊರಬಂದು ಇಡೀ ಚಾಟ್ ಅಳಿಸಿದೆ. ಐದಾರು ಹುಡುಗರನ್ನು ಬ್ಲಾಕ್ ಮಾಡಿದೆ. ಇನ್‌ಸ್ಟಾಗ್ರಾಮ್ ಆ್ಯಪ್ ತೆಗೆದುಹಾಕಿದೆ. ‘ಇಷ್ಟೇ, ಮುಗೀತು. ಮನಸ್ಸಿಗೆ ಹಚ್ಚಿಕೋಬ್ಯಾಡ’ ಅಂದೆ. ಎಂ.ಟೆಕ್ ಮಾಡಿದ ಮಾಮಾ ಹತ್ತು ನಿಮಿಷದಲ್ಲಿ ಸಮಸ್ಯೆ ಬಗೆಹರಿಸಿದ್ದ.

ಮರುದಿನ ಅಕ್ಕನೊಂದಿಗೆ ಶಾಲೆಗೆ ಹೋದೆ. ‘ಇದು ಶಾಲೆಯ ಅವಧಿಯಲ್ಲಿ ನಡೆದದ್ದಲ್ಲ’ ಎಂಬುದು ಅಲ್ಲಿಯ ಮೊದಲ ಉತ್ತರ. ಎರಡನೆಯದು ‘ಏನಿದೆ ತೋರಿಸಿ’. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಸರ್ವರ್ ಕೆಟ್ಟಾಗ ಮೊದಲು ಲಾಗ್ ಉಳಿಸಿಕೊಳ್ಳಬೇಕು, ಆಮೇಲೆ ಮಾತ್ರ ರಿಪೇರಿಗೆ ಕೈ ಹಾಕಬೇಕು ಎಂದು ಹೊಸದಾಗಿ ಸೇರಿದ ಹುಡುಗರಿಗೆ ಹೇಳಿಕೊಡುವವನು ನಾನೇ. ಮನೆಯ ವಿಷಯದಲ್ಲಿ ಅದನ್ನು ಮರೆತು ಪುರಾವೆಯನ್ನೆಲ್ಲ ನನ್ನ ಕೈಯಾರೆ ಅಳಿಸಿದ್ದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಅವನು ಯಾವುದಕ್ಕೆ ಹೆದರಿ ಮೂರು ವಾರ ಬಾಯಿ ಬಿಟ್ಟಿರಲಿಲ್ಲವೋ ಅದನ್ನೇ ನಾನು ಮಾಡಿದ್ದೆ. ನಮಗೆ ಫೋನ್ ಒಂದು ಚಟದಂತೆ ಕಾಣುತ್ತದೆ. ಅವರಿಗೆ ಅದು ಹೋಂವರ್ಕ್, ಕ್ರಿಕೆಟ್ ತಂಡ, ಹುಟ್ಟುಹಬ್ಬದ ಕರೆ. ಪರ ಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಧಾರವಾಡದ ಅಜ್ಜಿ ಕೂಡ ಅದರೊಳಗೇ ಇದ್ದಾಳೆ. ಹೇಳಿದರೆ ಇವೆಲ್ಲ ಒಮ್ಮೆಲೇ ಹೋಗುತ್ತವೆ ಎಂದಾದರೆ ಯಾವ ಮಗು ಹೇಳೀತು? ಪೀಡಿಸಿದವರ ಫೋನ್ ಅವರ ಕೈಯಲ್ಲೇ ಇತ್ತು. ಶಿಕ್ಷೆ ಆದದ್ದು ಇವನಿಗೆ.

ಇನ್ನೂ ಒಂದು ಮಾತನ್ನು ಅವನು ತಡವಾಗಿ ಹೇಳಿದ. ‘ಪಪ್ಪಾಗ ಆಫೀಸಿನಾಗೂ ಹಿಂಗ ಮಾಡ್ತಾರಂತ, ಮತ್ತ ನಾ ಏನ್ ಹೇಳ್ಲಿ?’ ಭಾವ ತಮ್ಮ ಮರಾಠಿಯ ಪಾಡನ್ನು ಊಟಕ್ಕೆ ಕುಳಿತಾಗ ನಗುತ್ತ ಹೇಳಿಕೊಳ್ಳುತ್ತಿದ್ದುದನ್ನು ಅವನು ಕೇಳಿಸಿಕೊಂಡಿದ್ದ. ಹೊಸ ಊರಿನಲ್ಲಿ ಅಪ್ಪ ಅಮ್ಮನ ಒದ್ದಾಟ ಮಕ್ಕಳಿಗೆ ಕಾಣುತ್ತದೆ. ಅದಕ್ಕೆ ತಮ್ಮದೊಂದು ಭಾರ ಸೇರಿಸುವುದು ಬೇಡ ಎಂದುಕೊಳ್ಳುತ್ತಾರೆ.

ಮರಾಠಿಗರ ಮೇಲೆ ದೂರು ಹೇಳಲು ನಾನಿದನ್ನು ಬರೆಯುತ್ತಿಲ್ಲ. ಬೆಂಗಳೂರಿನಲ್ಲಿ ಹೊರಗಿನಿಂದ ಬಂದ ಮಗುವಿನ ಕನ್ನಡವನ್ನು ಅಣಕಿಸುವ ಮಕ್ಕಳು ನಮ್ಮವರೇ ಆಗಿರಬಹುದು. ಅಷ್ಟೇ ಅಲ್ಲ, ನಮ್ಮನ್ನು ಕಾಪಾಡಿದ್ದೂ ಒಬ್ಬಳು ಮರಾಠಿ ಹುಡುಗಿ. ಆ ನಕಲಿ ಖಾತೆಯಿಂದ ಅವಳಿಗೂ ಸಂದೇಶ ಹೋಗಿತ್ತು. ಆ ಬರವಣಿಗೆ ಇವನದಲ್ಲ ಅನ್ನಿಸಿ ಅವಳು ಸ್ಕ್ರೀನ್‌ಶಾಟ್ ತೆಗೆದು ತನ್ನ ಅಮ್ಮನಿಗೆ ತೋರಿಸಿದ್ದಳು. ಗ್ರೂಪಿನ ಮಾತುಗಳೂ ಅವಳ ಬಳಿ ಇದ್ದವು. ಅವಳ ಅಮ್ಮ ಅಕ್ಕನಿಗೆ ಫೋನ್ ಮಾಡಿದ ಮೇಲೆಯೇ ಶಾಲೆ ನಮ್ಮ ಮಾತಿಗೆ ಕಿವಿಗೊಟ್ಟದ್ದು.

ಮಾಡಿದವನು ಒಬ್ಬ, ಕಳಿಸಿದವರು ಎಷ್ಟು?

ತರಗತಿ ಶಿಕ್ಷಕಿ ಆಮೇಲೆ ಶ್ರದ್ಧೆಯಿಂದಲೇ ವಿಚಾರಿಸಿದರು. ಸ್ಟಿಕರ್ ಮಾಡಿದವನು ಸಿಕ್ಕ. ಆ ವಿಚಾರಣೆಯಲ್ಲೇ ನಮಗೆ ಬೇಡವಾಗಿದ್ದ ಇನ್ನೊಂದು ಸಂಗತಿ ಹೊರಬಂತು. ಅದರ ಹಿಂದಿನ ವರ್ಷ ಇನ್ನೊಬ್ಬ ಹುಡುಗನ ಉಬ್ಬುಹಲ್ಲಿನ ಫೋಟೊ ಇಟ್ಟು ಇದೇ ಥರದ ಸ್ಟಿಕರ್ ಓಡಾಡಿತ್ತು. ಅದನ್ನು ಕಳಿಸಿದವರ ಪೈಕಿ ನನ್ನ ಸೋದರಳಿಯನೂ ಇದ್ದ.

ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. ‘ನಾ ಮಾಡಿಲ್ಲ ಮಾಮಾ, ಬರೇ ಕಳಿಸೀನಿ’ ಅಂದ.

ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಲವತ್ತು ಮಕ್ಕಳ ಗ್ರೂಪಿನಲ್ಲಿ ಮಾಡುವವನು ಒಬ್ಬ. ಮುಂದೆ ಕಳಿಸುವವರು, ನಗುವ ಇಮೋಜಿ ಹಾಕುವವರು ಏಳೆಂಟು ಮಂದಿ. ಉಳಿದವರು ನೋಡಿ ಸುಮ್ಮನಿರುವವರು. ಆ ಒಬ್ಬನಿಗೆ ಬೇಕಾಗಿರುವುದು ಈ ಪ್ರೇಕ್ಷಕರೇ. ನೊಂದ ಮಗುವಿಗೆ ಮಾತ್ರ ಮಾಡಿದವನು, ಕಳಿಸಿದವನು, ಸುಮ್ಮನಿದ್ದವನು ಎಂಬ ಲೆಕ್ಕ ಇರುವುದಿಲ್ಲ. ಇಡೀ ಕ್ಲಾಸು ನನ್ನ ವಿರುದ್ಧ ಇದೆ ಎಂದೇ ಕಾಣುತ್ತದೆ.

ಫಿನ್‌ಲೆಂಡಿನ ಟುರ್ಕು ವಿಶ್ವವಿದ್ಯಾಲಯ ರೂಪಿಸಿದ ‘ಕಿವಾ’ ಎಂಬ ಕಾರ್ಯಕ್ರಮ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಪೀಡಿಸುವವನು ಮತ್ತು ಪೀಡಿತನ ಜೊತೆಗೆ, ನಡುವೆ ನಿಂತು ನೋಡುವ ಮಕ್ಕಳನ್ನು ತಿದ್ದುವುದಕ್ಕೆ ಅದು ಒತ್ತು ಕೊಡುತ್ತದೆ. ನೋಡುವವರು ನಗುವುದನ್ನು ನಿಲ್ಲಿಸಿದರೆ, ಒಬ್ಬಿಬ್ಬರಾದರೂ ನೊಂದವನ ಪಕ್ಕ ಕುಳಿತರೆ ಪೀಡಿಸುವವನಿಗೆ ಅದರಿಂದ ಸಿಗುವ ಲಾಭ ಹೋಗುತ್ತದೆ. ಆ ಹುಡುಗಿ ಯಾವ ತರಬೇತಿಯೂ ಇಲ್ಲದೆ ಮಾಡಿದ್ದು ಅದನ್ನೇ.

ಬರೀ ಕಳಿಸುವುದು ಎಂಥ ಅಪಾಯ ಎಂದು ದೊಡ್ಡವರಾದ ನಾವೇ ಕಲಿಯಬೇಕಾಗಿ ಬಂದಿತ್ತು. 2018ರ ಜುಲೈನಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಕೊಂದಿತು. ದೇಶದ ಹಲವೆಡೆ ಅಂಥ ಕೊಲೆಗಳಾದ ಮೇಲೆ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಚಾಟ್‌ಗಳಿಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಮಿತಿ ಹಾಕಿತು. ಸುಳ್ಳನ್ನು ಪತ್ತೆ ಹಚ್ಚುವ ಉಪಾಯವಲ್ಲ ಅದು. ಬೆರಳಿಗೆ ಒಂದು ಸಣ್ಣ ತಡೆ, ಅಷ್ಟೇ. ಮಕ್ಕಳ ವಿಷಯದಲ್ಲಿ ಆ ತಡೆಯನ್ನು ಮನೆಯವರೇ ಕಲಿಸಬೇಕು. ‘ಇದರಲ್ಲಿರುವವನು ನನ್ನ ಪಕ್ಕ ಕುಳಿತಿದ್ದರೆ ಕಳಿಸುತ್ತಿದ್ದೆನಾ?’ ಎಂಬ ಒಂದು ಪ್ರಶ್ನೆ ಸಾಕು.

ಸ್ಕ್ರೀನ್‌ಶಾಟ್ ಕೂಡ ಪೂರ್ತಿ ಸತ್ಯವಲ್ಲ ಎಂಬುದನ್ನೂ ಹೇಳಿಕೊಡಬೇಕು. 2020ರ ಮೇ ತಿಂಗಳಲ್ಲಿ ದಿಲ್ಲಿಯ ಶಾಲಾ ಹುಡುಗರ ‘ಬಾಯ್ಸ್ ಲಾಕರ್ ರೂಮ್’ ಎಂಬ ಇನ್‌ಸ್ಟಾಗ್ರಾಮ್ ಗ್ರೂಪ್ ದೇಶದಾದ್ಯಂತ ಸುದ್ದಿಯಾಯಿತು. ಸಹಪಾಠಿ ಹುಡುಗಿಯರ ಫೋಟೊ ಹಾಕಿ ಅಸಹ್ಯವಾಗಿ ಮಾತನಾಡುತ್ತಿದ್ದುದು ನಿಜವೇ ಆಗಿತ್ತು. ಆದರೆ ಅದರ ಜೊತೆ ಹರಿದಾಡಿದ, ಅತ್ಯಾಚಾರದ ಸಂಚು ಎನ್ನಲಾದ ಒಂದು ಸ್ಕ್ರೀನ್‌ಶಾಟ್ ಆ ಗ್ರೂಪಿನದೇ ಅಲ್ಲ, ಬೇರೆ ಆ್ಯಪ್‌ನಲ್ಲಿ ಹುಡುಗಿಯೊಬ್ಬಳು ಹುಡುಗನ ಹೆಸರಲ್ಲಿ ಮಾತನಾಡಿದ್ದು ಎಂದು ಪೊಲೀಸರು ಆಮೇಲೆ ಹೇಳಿದರು. ಅಷ್ಟರಲ್ಲಿ ಅದನ್ನು ಲೆಕ್ಕವಿಲ್ಲದಷ್ಟು ಜನ ಕಳಿಸಿಯಾಗಿತ್ತು. ಅವರ ಪೈಕಿ ಹೆಚ್ಚಿನವರು ನ್ಯಾಯದ ಪರ ಎಂದೇ ಭಾವಿಸಿದ್ದರು.

ಗೊತ್ತಾದ ದಿನ ಏನು ಮಾಡಬೇಕು?

ನಾನು ಮಾಡಿದ್ದನ್ನು ಮಾಡಬೇಡಿ. ಈಗ ಕೇಳಿದರೆ ನಾನು ಹೇಳುವ ಕ್ರಮ ಇದು.

ಮೊದಲು ಪೂರ್ತಿ ಕೇಳಿಸಿಕೊಳ್ಳಿ. ‘ನೀನು ಏನು ಮಾಡಿದೆ?’ ಎಂಬ ಪ್ರಶ್ನೆಯಿಂದ ಶುರು ಮಾಡಬೇಡಿ. ‘ಹೇಳಿದ್ದು ಒಳ್ಳೆಯದಾಯಿತು, ಫೋನ್ ನಿನ್ನ ಹತ್ತಿರವೇ ಇರುತ್ತದೆ’ ಎಂದು ಮೊದಲೇ ಮಾತು ಕೊಡಿ.

ಎರಡನೆಯದು, ಏನನ್ನೂ ಅಳಿಸುವ ಮುನ್ನ ಪುರಾವೆ ಉಳಿಸಿಕೊಳ್ಳಿ. ಕಳಿಸಿದವರ ಹೆಸರು, ನಂಬರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ಇರಲಿ. ನಕಲಿ ಖಾತೆಯಾದರೆ ಅದರ ಲಿಂಕ್ ಬರೆದಿಟ್ಟುಕೊಳ್ಳಿ. ಒಂದು ಎಚ್ಚರಿಕೆ: ಮಗುವಿನ ನಗ್ನ ಅಥವಾ ಅಶ್ಲೀಲ ಚಿತ್ರ ಇದ್ದರೆ ಅದನ್ನು ಪುರಾವೆ ಎಂದು ಯಾರಿಗೂ ಕಳಿಸಬೇಡಿ, ಶಿಕ್ಷಕರಿಗೂ ಬೇಡ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅಡಿ ಅಂಥ ಚಿತ್ರ ಕಳಿಸುವುದೇ ಅಪರಾಧ. ನೇರ ಪೊಲೀಸರಿಗೆ ತಿಳಿಸಿ.

ಮೂರನೆಯದು, ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ರಿಪೋರ್ಟ್ ಒತ್ತಿದರೆ ಆ ವ್ಯಕ್ತಿ ಅಥವಾ ಗ್ರೂಪಿನಿಂದ ಬಂದ ಕೊನೆಯ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ. ನಮ್ಮನ್ನು ಗ್ರೂಪಿಗೆ ಯಾರು ಸೇರಿಸಬಹುದು ಎಂಬ ಆಯ್ಕೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿದೆ. ಅದನ್ನು ನಮ್ಮ ಕಾಂಟ್ಯಾಕ್ಟ್‌ನಲ್ಲಿರುವವರಿಗಷ್ಟೇ ಸೀಮಿತಗೊಳಿಸಬಹುದು, ಬೇಡದ ಹೆಸರುಗಳನ್ನು ಕೈಬಿಡಲೂಬಹುದು. ಬ್ಲಾಕ್ ಮಾಡಿದರೆ ನಾಳೆ ಕ್ಲಾಸಿನಲ್ಲಿ ಅದೇ ಇನ್ನೊಂದು ಜಗಳವಾಗುತ್ತದೆ ಎಂದು ಮಕ್ಕಳು ಹೆದರುತ್ತಾರೆ. ಇನ್‌ಸ್ಟಾಗ್ರಾಮ್‌ನಲ್ಲಿ ‘ರಿಸ್ಟ್ರಿಕ್ಟ್’ ಎಂಬ ಸೌಲಭ್ಯ ಇದಕ್ಕೇ ಇದೆ. ಎದುರಿನವನಿಗೆ ತಿಳಿಯದಂತೆ ಅವನ ಕಾಮೆಂಟ್ ಉಳಿದವರಿಗೆ ಕಾಣದಂತೆ ಮಾಡಬಹುದು.

ನಾಲ್ಕನೆಯದು, ಶಾಲೆಗೆ ಬರವಣಿಗೆಯಲ್ಲಿ ದೂರು ಕೊಡಿ. ಪೀಡನೆ ತಡೆಗೆ ಸಮಿತಿ ಇರಬೇಕೆಂದು ಸಿಬಿಎಸ್‌ಇ 2015ರಲ್ಲೇ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿದೆ. ಸಮಿತಿ ಯಾವುದು ಎಂದು ಕೇಳಿ. ಪೀಡಿಸಿದ ಮಗುವಿನ ಮನೆಗೆ ನೇರವಾಗಿ ಜಗಳಕ್ಕೆ ಹೋಗಬೇಡಿ, ಪಾಲಕರ ಗ್ರೂಪಿನಲ್ಲಿ ಹೆಸರು ಹಾಕಿ ಬೈಯಬೇಡಿ. ಅದು ಮಕ್ಕಳು ಮಾಡಿದ್ದನ್ನೇ ನಾವು ಮಾಡಿದಂತೆ.

ಕಾನೂನಿನ ಬಗ್ಗೆ ಎರಡು ಮಾತು. ನಮ್ಮಲ್ಲಿ ಸೈಬರ್ ಪೀಡನೆ ಎಂಬ ಹೆಸರಿನ ಪ್ರತ್ಯೇಕ ಕಾಯ್ದೆ ಇಲ್ಲ. ಬೇಸರ ತರುವ ಸಂದೇಶಕ್ಕೂ ಬಂಧಿಸಲು ಅವಕಾಶವಿದ್ದ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಹಾಗೆಂದು ಕಾನೂನಿನ ಕೈ ಖಾಲಿಯಿಲ್ಲ. ನಕಲಿ ಖಾತೆಗೆ 66ಸಿ, 66ಡಿ, ಖಾಸಗಿ ಅಂಗಗಳ ಚಿತ್ರ ತೆಗೆದು ಹಂಚಿದರೆ 66ಇ, ಮಕ್ಕಳ ಅಶ್ಲೀಲ ಚಿತ್ರಕ್ಕೆ 67ಬಿ ಮತ್ತು 2012ರ ಪೋಕ್ಸೊ ಕಾಯ್ದೆ ಇವೆ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಯಾವ ರಾಜ್ಯದಿಂದಲೂ ದೂರು ದಾಖಲಿಸಬಹುದು. ಮಹಿಳೆಯರು ಮತ್ತು ಮಕ್ಕಳಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ಮಕ್ಕಳ ಸಹಾಯವಾಣಿ 1098. ಮಾಡಿದ ಮಗುವೂ ಹದಿನೆಂಟರ ಒಳಗಿನದಾದರೆ ಅದಕ್ಕೆ 2015ರ ಬಾಲನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಮಗುವನ್ನು ತಿದ್ದಿ ಮತ್ತೆ ಸಮಾಜದೊಳಗೆ ತರುವುದು ಅದರ ಗುರಿ.

ಮಗು ಊಟ ಬಿಟ್ಟಿದ್ದರೆ, ನಿದ್ದೆ ಕಳೆದುಕೊಂಡಿದ್ದರೆ, ‘ನಾನು ಇರಲೇಬಾರದಿತ್ತು’ ಎಂಬಂಥ ಮಾತು ಆಡಿದರೆ ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತವಾಗಿ ಸಿಗುತ್ತದೆ. 2022ರಲ್ಲಿ ಆರಂಭವಾದ ಇದಕ್ಕೆ ನಮ್ಮ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಕನ್ನಡದಲ್ಲೂ ಮಾತನಾಡಬಹುದು. ಪರಭಾಷೆಯ ಊರಿನಲ್ಲಿ ಮನಸ್ಸಿನ ನೋವನ್ನು ಸ್ವಂತ ಭಾಷೆಯಲ್ಲಿ ಹೇಳಿಕೊಳ್ಳಲು ಸಿಗುವುದು ಸಣ್ಣ ಸಂಗತಿಯಲ್ಲ.

ಕೊನೆಗೆ ಆದದ್ದು

ನಾವು ಪೊಲೀಸರವರೆಗೆ ಹೋಗಲಿಲ್ಲ. ನಕಲಿ ಖಾತೆ ಮುಚ್ಚಿತು. ಸ್ಟಿಕರ್ ಮಾಡಿದ ಹುಡುಗ ತನ್ನ ತಂದೆಯ ಜೊತೆ ಬಂದು ಕ್ಷಮೆ ಕೇಳಿದ. ಆ ಮನೆಯವರ ಮುಖದ ಸಂಕಟ ನೋಡಿ ಅಕ್ಕನೇ ಚಹಾ ಮಾಡಿಕೊಟ್ಟಳು. ಅವರು ಹೋದ ಮೇಲೆ ನಮ್ಮ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ‘ನಾನೂ ಹೋಗಬೇಕಲ್ಲ ಮಾಮಾ?’ ಅಂದ.

ಮುಂದಿನ ಭಾನುವಾರ ನನ್ನ ಸ್ಕೂಟರಿನಲ್ಲಿ ಉಬ್ಬುಹಲ್ಲಿನ ಆ ಹುಡುಗನ ಮನೆಗೆ ಹೋದೆವು. ಇವನು ಸಾರಿ ಅಂದ. ಅವನು ಅಳಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ‘ಎಷ್ಟು ಜನಕ್ಕೆ ಕಳಿಸಿದ್ದೆ?’ ಎಂದು ಮಾತ್ರ ಕೇಳಿದ. ಇವನು ಬೆರಳು ಮಡಚಿ ಎಣಿಸಿದ. ನಾಲ್ಕು. ಅಲ್ಲೇ ಕುಳಿತು ನಾಲ್ವರಿಗೂ ಫೋನ್ ಮಾಡಿ, ಆ ಸ್ಟಿಕರ್ ಅಳಿಸುವಂತೆ ಕೇಳಿಕೊಂಡ. ಮೂವರು ಒಪ್ಪಿದರು. ಅವರಲ್ಲಿ ಒಬ್ಬ ತಾನೂ ಇಬ್ಬರಿಗೆ ಕಳಿಸಿದ್ದೆ, ಅವರಿಗೂ ಹೇಳುತ್ತೇನೆ ಅಂದ. ನಾಲ್ಕನೆಯವನು ಫೋನ್ ಎತ್ತಲಿಲ್ಲ.

ಎಲ್ಲರ ಫೋನಿನಿಂದ ಅಳಿಸಲು ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಈಗಲೂ ಇಲ್ಲ ಎಂಬುದೇ. ಎರಡೂ ಸ್ಟಿಕರ್‌ಗಳು ಇವತ್ತಿಗೂ ಎಲ್ಲೋ ಒಂದೆರಡು ಫೋನಿನಲ್ಲಿ ಇದ್ದಾವು. ವಾಪಸು ಬರುವಾಗ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ದನಿ ಬಂತು: ‘ಮಾಮಾ, ಆ ನಾಲ್ಕನೇದವಗ ಸಂಜೀಕ ಮತ್ತ ಫೋನ್ ಹಚ್ತೀನಿ.’